ಕ್ಲಸ್ಟರ್ ಸಮಾಲೋಚನಾ ಸಭೆಯಿಂದ ಮಕ್ಕಳ ಕಲಿಕೆ ಸುಧಾರಿಸಬೇಕಾದರೆ ಸಭೆ ಹೇಗಿರಬೇಕು?

ಬಯಲುಸೀಮೆ ಎಚ್‌ಎಂ:
ನಮ್ಮ ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, 11 ಶಾಲೆ. ಆರು ಕಿರಿಯ ಪ್ರಾಥಮಿಕ, ನಾಲ್ಕು ಹಿರಿಯ ಪ್ರಾಥಮಿಕ, ಒಂದು ಪ್ರೌಢಶಾಲೆ. ಸಮಾಲೋಚನಾ ಸಭೆ ನಡೆಯುತ್ತದೆ, ಹಾಜರಾತಿಯೂ ಇರುತ್ತದೆ. ಸುತ್ತೋಲೆ ಓದುವುದು, ಸ್ಯಾಟ್ಸ್‌ನಲ್ಲಿ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ) ಬಾಕಿ ಉಳಿದ ಎಂಟ್ರಿ ಕೇಳುವುದು, ಮಾಹಿತಿ ಫಾರಂ ತುಂಬಿಸಿಕೊಳ್ಳುವುದು, ಅಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಶಾಲೆಗಳು ಒಂದಕ್ಕೊಂದು ಕಲಿತು ಸುಧಾರಿಸುವ ಜಾಲ ಕಟ್ಟಬೇಕು ಎಂದು ಎಲ್ಲ ದಾಖಲೆಯಲ್ಲೂ ಬರೆದಿದೆ. ಇದೇ ಸಭೆ, ಇದೇ ಜನ ಇಟ್ಟುಕೊಂಡು ಅದನ್ನು ಮಾಡಲು ಏನೇನು ಬದಲಿಸಬೇಕು? ಅಜೆಂಡಾ, ಅಳತೆ, ಸಮಯ, ಇವುಗಳ ಬಗ್ಗೆ ಗೊತ್ತಿರುವವರು ವಿವರವಾಗಿ ಬರೆಯಿರಿ. "ಒಗ್ಗಟ್ಟು ಬೇಕು, ಆಸಕ್ತಿ ಬೇಕು" ಥರದ ಮಾತು ಬೇಡ.

ಕ್ಲಸ್ಟರ್ ಕಡತ:
ಸರ್, ರಚನೆಗೆ ಕೊರತೆ ಇಲ್ಲ. ಅಕ್ಕಪಕ್ಕದ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಜೋಡಿಸಬೇಕೆಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. 1994ರಲ್ಲಿ ಶುರುವಾದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕಾಲದಲ್ಲಿ ಬಿಆರ್‌ಸಿ, ಸಿಆರ್‌ಸಿಗಳು, ಅಂದರೆ ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳು, ಬಂದವು. ಸರ್ವ ಶಿಕ್ಷಾ ಅಭಿಯಾನ ಅವನ್ನು ಎಲ್ಲೆಡೆ ಹರಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಅದನ್ನೇ ಎತ್ತಿಕೊಂಡು, ಒಂದು ಪ್ರೌಢಶಾಲೆ ಮತ್ತು 5ರಿಂದ 10 ಕಿಲೋಮೀಟರ್ ತ್ರಿಜ್ಯದೊಳಗಿನ ಕೆಳಹಂತದ ಶಾಲೆಗಳು, ಅಂಗನವಾಡಿಗಳೂ ಸೇರಿ ಒಂದು ಸಂಕೀರ್ಣ ಎಂದಿತು. ಅಂದರೆ ಕೂಡುವ ಜಾಗ ಅರುವತ್ತು ವರ್ಷದಿಂದ ಚರ್ಚೆಯಲ್ಲಿದೆ. ಕೂತು ಯಾವ ಕೆಲಸ ಮಾಡಬೇಕು ಅನ್ನುವುದಷ್ಟೇ ಖಾಲಿ.

ನೇರವಾಗಿ ಹೇಳುತ್ತೇನೆ. 11 ಶಾಲೆಯನ್ನೂ ಸೇರಿಸಿ ಶುರು ಮಾಡಬೇಡಿ. ಐದು ಶಾಲೆ ಸಾಕು, ಅದೂ ತಾವಾಗಿ ಒಪ್ಪಿದವರು. ಆದೇಶದ ಮೇಲೆ ಸೇರಿದ ಶಾಲೆ ನಿಮಗೆ ಸುಂದರವಾದ ಅಂಕಿ ಕೊಡುತ್ತದೆ, ನಿಜವಾದ ಅಂಕಿ ಕೊಡುವುದಿಲ್ಲ. ಆ ಐದರಲ್ಲಿ ಒಂದಾದರೂ ತೀರಾ ಕಷ್ಟದಲ್ಲಿರುವ ಶಾಲೆ ಇರಲಿ. ಎಲ್ಲ ಚೆನ್ನಾಗಿರುವ ಶಾಲೆಗಳಲ್ಲೇ ಮಾಡಿ ನೋಡಿದ ಉಪಾಯ ಉಳಿದ ಕಡೆ ನಿಲ್ಲುವುದಿಲ್ಲ.

ಎರಡನೆಯದು, ಸಭೆಯನ್ನು ಎರಡಾಗಿ ಕತ್ತರಿಸಿ. ಸುತ್ತೋಲೆ, ಮಾಹಿತಿ, ಸ್ಯಾಟ್ಸ್ ಬಾಕಿ ಎಲ್ಲ ಹಿಂದಿನ ದಿನವೇ ವಾಟ್ಸಾಪ್ ಗುಂಪಿನಲ್ಲಿ ಹೋಗಲಿ. ಸಭೆಯಲ್ಲಿ ಅದಕ್ಕೆ 15 ನಿಮಿಷ, ಅದೂ ಕೊನೆಯಲ್ಲಿ. ಮೊದಲು ಇಟ್ಟರೆ ಅದು ಇಡೀ ಸಭೆಯನ್ನು ನುಂಗುತ್ತದೆ. ಈ ಕ್ರಮ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ.

ಎರಡು ಗಂಟೆಯ ಸಭೆ ಸರಿಸುಮಾರು ಹೀಗಿರಲಿ: ಐದೂ ಶಾಲೆಯ ಮಕ್ಕಳ ಓದಿನ ಅಳತೆಯ ನಕ್ಷೆಗಳನ್ನು (ಗ್ರಾಫ್) ಗೋಡೆಗೆ ಅಂಟಿಸಿ ಸುಮ್ಮನೆ ನೋಡುವುದಕ್ಕೆ 10 ನಿಮಿಷ. ಪ್ರತಿ ಶಾಲೆಗೆ 8 ನಿಮಿಷ: ಏನು ಮಾಡಿದೆವು, ಏನಾಗುತ್ತದೆ ಅಂದುಕೊಂಡಿದ್ದೆವು, ಏನಾಯಿತು. ಆಮೇಲೆ 30 ನಿಮಿಷ ಮಕ್ಕಳ ಬರಹ ಅಥವಾ ಓದಿನ ತಪ್ಪುಗಳನ್ನು ಎಲ್ಲರೂ ಕೂಡಿ ವಿಂಗಡಿಸುವುದು. 20 ನಿಮಿಷ ಮುಂದಿನ ಸುತ್ತಿನ ಯೋಜನೆ ಬರೆಯುವುದು. ಐದು ನಿಮಿಷ ಜಾರಿಹೋಗಿಯೇ ಹೋಗುತ್ತದೆ. ಉಳಿದ 15 ನಿಮಿಷ ಸುತ್ತೋಲೆಗೆ.

ಸ್ಯಾನ್‌ಹೋಸೆ ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಬೋಧನೆಯ ಸುಧಾರಣೆಗೆ ಕೆಲಸ ಮಾಡುವ ಕಾರ್ನೆಗಿ ಪ್ರತಿಷ್ಠಾನ ಇಂಥ ಶಾಲಾ ಜಾಲಗಳಿಗೆ ಒಂದು ಕ್ರಮ ಹಾಕಿಕೊಟ್ಟಿದೆ. ಮೂಲ ವಿದ್ಯೆ ಕಾರ್ಖಾನೆಯದು, ಗುಣಮಟ್ಟ ನಿಯಂತ್ರಣದ ತಜ್ಞರಾದ ಶೂಹಾರ್ಟ್, ಡೆಮಿಂಗ್ ಅವರಿಂದ ಬಂದದ್ದು. ಆಮೇಲೆ ಆಸ್ಪತ್ರೆಗಳು ತೆಗೆದುಕೊಂಡವು, ಅಲ್ಲಿಂದ ಶಾಲೆಗಳಿಗೆ ಬಂತು. ತಿರುಳು ಮೂರು ಪ್ರಶ್ನೆ. ನಾವು ನಿಖರವಾಗಿ ಏನನ್ನು ಸಾಧಿಸಲು ಹೊರಟಿದ್ದೇವೆ? ಬದಲಾವಣೆ ನಿಜವಾಗಿ ಸುಧಾರಣೆಯೇ ಅಂತ ಹೇಗೆ ತಿಳಿಯುತ್ತದೆ? ಯಾವ ಬದಲಾವಣೆ ಮಾಡಿ ನೋಡಬಹುದು? ಇವುಗಳಿಗೆ ಉತ್ತರ ಬರೆದ ಮೇಲೆ ಚಿಕ್ಕ ಸುತ್ತುಗಳು: ಯೋಜಿಸು, ಮಾಡು, ಫಲಿತಾಂಶ ಕೂತು ಓದು, ಮುಂದಿನ ಹೆಜ್ಜೆ ತೀರ್ಮಾನಿಸು.

ಹೆಚ್ಚಿನವರು ತಪ್ಪಿಸಿಕೊಳ್ಳುವ ಭಾಗ ಒಂದಿದೆ. ಮಾಡುವ ಮೊದಲೇ ಊಹೆ ಬರೆದಿಡಬೇಕು. "ಮೂರು ವಾರ ಈ ಚಟುವಟಿಕೆ ಮಾಡಿದರೆ 20 ಪದದಲ್ಲಿ ಸರಾಸರಿ 9 ಸರಿ ಓದುತ್ತಿರುವವರು 13ಕ್ಕೆ ಬರುತ್ತಾರೆ" ಅಂತ ಅಂಕಿ ಸಮೇತ. ಬರೆಯದಿದ್ದರೆ 10 ಬಂದರೂ "ಸುಧಾರಿಸಿದೆ" ಅನ್ನುತ್ತೇವೆ, 9ರಲ್ಲೇ ನಿಂತರೂ "ಮಕ್ಕಳಲ್ಲಿ ಉತ್ಸಾಹ ಬಂದಿದೆ" ಅನ್ನುತ್ತೇವೆ. ಊಹೆಗೂ ಫಲಕ್ಕೂ ಇರುವ ಅಂತರದಲ್ಲೇ ಕಲಿಯುವುದಿರುವುದು.

ಗುರಿಯ ವಾಕ್ಯದಲ್ಲಿ ನಾಲ್ಕು ಅಂಶ ಇರಲೇಬೇಕು: ಯಾರು, ಏನು, ಎಷ್ಟು, ಯಾವಾಗಿನ ಒಳಗೆ. ಆಮೇಲೆ ಆ ಗುರಿಯನ್ನು ಎಳೆಯುವ ಮೂರು ನಾಲ್ಕು ಮುಖ್ಯ ಕಾರಣಗಳು, ಒಂದೊಂದು ಕಾರಣದ ಕೆಳಗೆ ಮಾಡಿ ನೋಡಬಹುದಾದ ಬದಲಾವಣೆಗಳು, ಹೀಗೆ ಎಡದಿಂದ ಬಲಕ್ಕೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲ ಶಾಲೆಗೂ ಒಂದೇ ಹಾಳೆ.

ಕ್ಲಸ್ಟರ್ ಕಡತ:
ಆ ಹಾಳೆಯ ವಿಚಾರದಲ್ಲಿ ನನ್ನ ತಕರಾರಿದೆ. ಮೊದಲ ಸಭೆಯಲ್ಲೇ ಅದನ್ನು ಹಾಕಲು ಕೂತರೆ ಇಡೀ ದಿನ ಬಾಣದ ಗುರುತು ಎಳೆಯುವುದರಲ್ಲೇ ಹೋಗುತ್ತದೆ, ಕೊನೆಗೆ "ಪೋಷಕರ ಬಡತನ", "ಗೈರುಹಾಜರಿ", "ಶಿಕ್ಷಕರ ಕೊರತೆ" ಅಂತ ಮೂರು ಡಬ್ಬಿ ಉಳಿಯುತ್ತವೆ. ಅವು ಸುಳ್ಳಲ್ಲ. ಆದರೆ ಬರುವ ಸೋಮವಾರ ಶಿಕ್ಷಕರ ಕೈಯಲ್ಲಿ ಬದಲಿಸಲಿಕ್ಕಾಗುವುದು ಅವುಗಳಲ್ಲಿ ಯಾವುದೂ ಇಲ್ಲ. ಮೊದಲು ಮಕ್ಕಳ ತಪ್ಪುಗಳನ್ನು ನೋಡಿ, ಎರಡು ಸುತ್ತು ಮುಗಿಯಲಿ, ಆಮೇಲೆ ಹಾಳೆ ಹಾಕಿ. ಅಷ್ಟರಲ್ಲಿ ಏನು ಬರೆಯಬೇಕೆಂದು ಗೊತ್ತಿರುತ್ತದೆ.

ಸ್ಯಾನ್‌ಹೋಸೆ ಕನ್ನಡಿಗ:
ಒಪ್ಪಿದೆ, ಕ್ರಮ ಬದಲಿಸಬಹುದು. ಗುರಿಯ ವಾಕ್ಯ ಮಾತ್ರ ಮೊದಲೇ ಬೇಕು.

ತುಂಗಾತೀರ:
ಸಮಸ್ಯೆ ಆರಿಸುವುದು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. "ಓದುವ ಸಾಮರ್ಥ್ಯ ಹೆಚ್ಚಿಸುವುದು" ಅಂದರೆ ಸಮಸ್ಯೆಯಲ್ಲ, ಘೋಷಣೆ. "4ನೇ ತರಗತಿಯ ಮಕ್ಕಳು ಒತ್ತಕ್ಷರ ಬಂದಲ್ಲಿ ಎಡವುತ್ತಾರೆ" ಅಂದರೆ ಸಮಸ್ಯೆ. 1ರಿಂದ 3ನೇ ತರಗತಿಯ ಚಟುವಟಿಕೆ ಆಧಾರಿತ ನಲಿ-ಕಲಿಯಲ್ಲಿ ಕಾರ್ಡು, ಮೈಲಿಗಲ್ಲು, ಏಣಿ ಹಿಡಿದು ಬಂದ ಮಗು 4ಕ್ಕೆ ಬಂದ ಕೂಡಲೇ ಪಠ್ಯಪುಸ್ತಕದ ಉದ್ದ ಪಾಠಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಾಲಿಗೆ ಎರಡು ಮೂರು ಒತ್ತಕ್ಷರ. ಕಾಗುಣಿತ ಚೆನ್ನಾಗಿ ಬರುವ ಮಗುವೂ ನಿಲ್ಲುವುದು ಅಲ್ಲೇ.

ತಪ್ಪುಗಳೂ ಒಂದೇ ಬಗೆಯವಲ್ಲ. ವಿಂಗಡಿಸದೆ ಪಾಠ ಮಾಡಿದರೆ ಶ್ರಮ ವ್ಯರ್ಥ.

ಮೊದಲನೆಯದು ಒತ್ತನ್ನು ಕಾಣದೇ ಬಿಡುವುದು. "ಹಗ್ಗ"ವನ್ನು "ಹಗ" ಎಂದು ಓದುತ್ತದೆ. ಕಣ್ಣು ಮೇಲಿನ ಸಾಲಿನಲ್ಲೇ ಓಡುತ್ತಿರುತ್ತದೆ.

ಎರಡನೆಯದು ಸ್ವರಚಿಹ್ನೆಯ ಗೊಂದಲ, ಇದೇ ಹೆಚ್ಚು ಕಾಡುವುದು. "ಶಕ್ತಿ"ಯಲ್ಲಿ ಗುಡಿಸು ಕೂತಿರುವುದು ಕಕಾರದ ಮೇಲೆ, ಉಚ್ಚಾರ ಬರುವುದು ತಕಾರದ ನಂತರ. ಮಗು ಕಣ್ಣಿಗೆ ಕಂಡ ಕ್ರಮದಲ್ಲೇ "ಶಕಿತ" ಅನ್ನುತ್ತದೆ. ಅದು ಅಜಾಗರೂಕತೆ ಅಲ್ಲ. ಈವರೆಗೆ ಕಲಿತ ನಿಯಮವನ್ನು ಸರಿಯಾಗಿಯೇ ಬಳಸಿದೆ. ಹೊಸ ನಿಯಮವನ್ನು ಯಾರೂ ಬಿಡಿಸಿ ಹೇಳಿಲ್ಲ.

ಮೂರನೆಯದು ರೂಪದ ಗುರುತು ಸಿಗದಿರುವುದು. ಗ, ಟ, ಪ ಮುಂತಾದವುಗಳ ಒತ್ತು ಮೂಲ ಅಕ್ಷರದ ಹಾಗೇ ಇರುತ್ತದೆ, ಮೂಲದಲ್ಲಿ ತಲೆಕಟ್ಟು ಇದ್ದರೆ ಅದು ಮಾತ್ರ ಇರುವುದಿಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಕ್ಕೂ ಹೋಲಿಕೆಯೇ ಕಡಿಮೆ. ಇವನ್ನು ಬೇರೆಯಾಗಿಯೇ ಕಲಿಸಬೇಕು.

ನಾಲ್ಕನೆಯದು ಅರ್ಕಾವತ್ತು. ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕಿಂತ ಮೊದಲು. "ಸೂರ್ಯ" ಹೋಗಿ "ಸೂಯರ" ಆಗುತ್ತದೆ.

ಅಳತೆಯ ಹಾಳೆ ಹೀಗೆ ಮಾಡಿ. 20 ಪದ, ನಾಲ್ಕು ಗುಂಪು, ಗುಂಪಿಗೆ ಐದು. ಸುಲಭ ಸಜಾತೀಯ: ಹಗ್ಗ, ಬೆಟ್ಟ, ಕಪ್ಪೆ ಥರದವು. ರೂಪ ಬದಲಾಗುವ ಒತ್ತು: ಸುತ್ತಿಗೆ, ಗುಮ್ಮಟ, ಬೆನ್ನು, ಮಲ್ಲಿಗೆ. ವಿಜಾತೀಯ: ಶಕ್ತಿ, ಪುಸ್ತಕ, ಅಗ್ನಿ, ಪದ್ಯ. ಕೊನೆಯ ಗುಂಪು ಅರ್ಕಾವತ್ತು ಮತ್ತು ಎರಡು ಒತ್ತು: ಸೂರ್ಯ, ವರ್ಷ, ವಸ್ತ್ರ, ರಾಷ್ಟ್ರ. "ಅಮ್ಮ", "ಅನ್ನ" ಹಾಕಬೇಡಿ, ಅವನ್ನು ಮಗು ಓದದೆಯೇ ಗುರುತಿನಿಂದ ಹೇಳುತ್ತದೆ. ಗುಂಪಿಗೆ ಒಂದು ಅರ್ಥವಿಲ್ಲದ ಪದ ಸೇರಿಸಿ, "ಪಿಕ್ತು", "ಮೊಸ್ನೆ" ಹೀಗೆ. ಬಾಯಿಪಾಠ ಯಾವುದು, ಬಿಡಿಸಿ ಓದಿದ್ದು ಯಾವುದು ಎಂದು ತಿಳಿಯುವುದು ಅಲ್ಲೇ. ಇಂಥ ಹಾಳೆ ನಾಲ್ಕು ತಯಾರಿಸಿ ಸರದಿಯಲ್ಲಿ ಬಳಸಿ. ಒಂದೇ ಹಾಳೆಯಾದರೆ ಮೂರನೇ ವಾರಕ್ಕೆ ಇಡೀ ತರಗತಿಗೆ ಕಂಠಪಾಠ.

ಪದಗಳು ದೊಡ್ಡಕ್ಷರದಲ್ಲಿರಲಿ, ಸಾಲುಗಳ ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ. ಕಳಪೆ ಜೆರಾಕ್ಸ್‌ನಲ್ಲಿ ಒತ್ತುಗಳೇ ಅಳಿಸಿಹೋಗುತ್ತವೆ. ಆಗ ನೀವು ಅಳೆಯುವುದು ಮಗುವಿನ ಓದನ್ನಲ್ಲ, ಅಂಗಡಿಯ ಟೋನರನ್ನು.

ಏಕೋಪಾಧ್ಯಾಯ:
ಇದೆಲ್ಲ ಕೇಳಲು ಚೆಂದ. ಒಬ್ಬರೇ ಶಿಕ್ಷಕರಿರುವ ಶಾಲೆಯ ಕಥೆ ಏನು? 1ರಿಂದ 5, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮತಗಟ್ಟೆ ಅಧಿಕಾರಿಯ ಕೆಲಸ, ಸಮೀಕ್ಷೆ. ವಾರವಾರ ಅಳೆಯಿರಿ ಅಂದರೆ ಅಳೆಯುವವರು ಯಾರು? ಸಭೆಗೆ ಹೋದ ದಿನ ಶಾಲೆ ನೋಡುವವರು ಯಾರು?

ತುಂಗಾತೀರ:
ನ್ಯಾಯವಾದ ಪ್ರಶ್ನೆ, ಸರ್. ಅದಕ್ಕೇ ಎಲ್ಲ ಮಕ್ಕಳನ್ನೂ ಅಳೆಯಬೇಡಿ ಅನ್ನುವುದು. 4ನೇ ತರಗತಿಯಿಂದ ಆರು ಮಕ್ಕಳು. ಹಾಜರಿ ಪುಸ್ತಕದಲ್ಲಿ ಪ್ರತಿ ಮೂರನೆಯ ಹೆಸರು ಅಥವಾ ಐದನೆಯ ಹೆಸರು ಹೀಗೆ ಕ್ರಮ ಹಿಡಿದು ಆರಿಸಿ. ಚುರುಕಾದವರನ್ನು ಹೆಕ್ಕಬೇಡಿ. ಆರಕ್ಕಿಂತ ಕಡಿಮೆ ಇದ್ದರೆ ಎಲ್ಲರನ್ನೂ ತೆಗೆದುಕೊಳ್ಳಿ. ಒಂದು ಮಗುವಿಗೆ ಎರಡು ನಿಮಿಷ, ವಾರಕ್ಕೆ ಒಟ್ಟು 12ರಿಂದ 15 ನಿಮಿಷ. ಉಳಿದ ಮಕ್ಕಳು ಆ ಹೊತ್ತಿಗೆ ನಕಲು ಬರಹ ಅಥವಾ ಜೋಡಿ ಓದಿನಲ್ಲಿರಲಿ.

ದಾಖಲೆಯೂ ಒಂದೇ ಹಾಳೆ. ಪದದ ಮೇಲೆ ಸರಿ ಗುರುತು, ತಪ್ಪಿದ್ದರೆ ಮಗು ಹೇಳಿದ್ದನ್ನು ಹಾಗೇ ಬರೆದಿಡಿ. "ತಪ್ಪು" ಅಂತ ಬರೆದರೆ ಯಾವುದಕ್ಕೂ ಬರುವುದಿಲ್ಲ. "ಶಕಿತ" ಅಂತ ಬರೆದರೆ ಮುಂದಿನ ಪಾಠ ಅದರಲ್ಲೇ ಇದೆ.

ಕ್ಲಸ್ಟರ್ ಕಡತ:
ಸಭೆಯ ದಿನದ ಬಗ್ಗೆ: ಏಕೋಪಾಧ್ಯಾಯ ಶಾಲೆಯನ್ನು ಮುಚ್ಚಿಸಿ ಸಭೆ ಮಾಡಬಾರದು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಟ್ಟುಕೊಳ್ಳಬಹುದು, ಮನೆ ದೂರ ಇರುವವರಿಗೆ ಅದು ಕಷ್ಟ. ಇನ್ನೊಂದು ದಾರಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಭೆಗೆ ಮುಂಚಿನ ವಾರ ಆ ಶಾಲೆಗೇ ಹೋಗಿ, ಅರ್ಧ ಗಂಟೆ ಮಕ್ಕಳನ್ನು ತಾವು ನೋಡಿಕೊಂಡು, ಹಾಳೆ ಪಡೆದುಕೊಂಡು ಬರುವುದು. ಹೇಗೂ ಶಾಲಾ ಭೇಟಿ ಮಾಡಲೇಬೇಕು. ಭೇಟಿ ಪುಸ್ತಕದಲ್ಲಿ "ಶಾಲಾ ಪರಿಸರ ಸ್ವಚ್ಛವಾಗಿದೆ, ಸಲಹೆ ನೀಡಲಾಯಿತು" ಎಂದು ಬರೆಯುವ ಬದಲು ಆರು ಮಕ್ಕಳ ಓದು ಕೇಳಿ ಬರಲಿ.

ಡಯಟ್ ಕಾರಿಡಾರ್:
ಅಳತೆ ಎಲ್ಲಿ ಕೆಡುತ್ತದೆ ಎಂದು ಹೇಳುತ್ತೇನೆ. ಜಾಲಗಳು ಸಾಮಾನ್ಯವಾಗಿ ಸಾಯುವುದು ಇಲ್ಲೇ.

"ಸರಿ ಓದಿದ" ಎಂಬುದಕ್ಕೆ ಐದೂ ಶಾಲೆಯಲ್ಲಿ ಒಂದೇ ಅರ್ಥ ಇರಬೇಕು. ಮೊದಲು ತಪ್ಪು ಹೇಳಿ ತಾನೇ ತಿದ್ದಿಕೊಂಡರೆ? ಸರಿ ಎಂದೇ ಎಣಿಸಿ. ಐದು ಸೆಕೆಂಡ್ ಸುಮ್ಮನಿದ್ದರೆ? ಮುಂದಿನ ಪದ ತೋರಿಸಿ, ಇದು ತಪ್ಪಿನ ಲೆಕ್ಕಕ್ಕೆ. "ಹ"ಕಾರ ಬಿಟ್ಟು "ಅಗ್ಗ" ಎಂದರೆ? ಒತ್ತಕ್ಷರ ಸರಿ ಇದೆ, ಹಾಗಾಗಿ ಈ ಅಳತೆಗೆ ಸರಿ. ಮನೆಮಾತು ಬೇರೆ ಇರುವ ಮಕ್ಕಳಿಗೆ, ಲಂಬಾಣಿ, ಉರ್ದು, ತೆಲುಗು, ತುಳು ಯಾವುದೇ ಇರಲಿ, ಉಚ್ಚಾರದ ವ್ಯತ್ಯಾಸವನ್ನು ಓದಿನ ತಪ್ಪು ಎಂದು ಹಿಡಿಯಬಾರದು. ಇವನ್ನೆಲ್ಲ ಮೊದಲ ಸಭೆಯಲ್ಲಿ ಕೂಡಿ ತೀರ್ಮಾನಿಸಬೇಕು. ಒಂದು ಮಗು ಓದುವ ಆಡಿಯೋ ಹಾಕಿ, ಎಲ್ಲರೂ ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಿ. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಯಮ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ನಿಮಿಷಕ್ಕೆ ಎಷ್ಟು ಪದ ಎಂಬ ಅಳತೆಯನ್ನು ಈ ಕೆಲಸಕ್ಕೆ ತರಬೇಡಿ. ಓದು, ಗಣಿತದ ಬುನಾದಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಗುರಿಗಳಲ್ಲಿ 3ನೇ ತರಗತಿಗೆ ಅರ್ಥಸಹಿತ ನಿಮಿಷಕ್ಕೆ 60 ಪದ ಎಂದಿದೆ. ಕನ್ನಡದಲ್ಲಿ "ಮನೆಯಲ್ಲಿದ್ದವರೆಲ್ಲರಿಗೂ" ಎಂಬುದು ಒಂದೇ ಪದ. ವೇಗದ ಬೆನ್ನು ಹತ್ತಿದರೆ ಮಕ್ಕಳು ಒತ್ತು ನುಂಗಿ ಓಡುವುದನ್ನು ಕಲಿಯುತ್ತಾರೆ, ಅಂದರೆ ಯಾವ ತಪ್ಪನ್ನು ತಿದ್ದಲು ಹೊರಟಿದ್ದೇವೋ ಅದನ್ನೇ ಬೆಳೆಸಿದಂತಾಗುತ್ತದೆ.

ಇನ್ನು ನಕ್ಷೆ. ಅಡ್ಡಕ್ಕೆ ವಾರ, ಉದ್ದಕ್ಕೆ ಆರು ಮಕ್ಕಳ ಸರಾಸರಿ ಸರಿ ಪದ. ಬದಲಾವಣೆ ಶುರು ಮಾಡುವ ಮೊದಲು ಕನಿಷ್ಠ ನಾಲ್ಕು ವಾರ ಬರೀ ಅಳೆಯಿರಿ. ಆ ಬಿಂದುಗಳ ಮಧ್ಯಾಂಕದಲ್ಲಿ (ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವಿನ ಬೆಲೆ) ಒಂದು ಅಡ್ಡಗೆರೆ ಎಳೆಯಿರಿ. ನಾಲ್ಕೇ ಬಿಂದುಗಳ ಗೆರೆ ಗಟ್ಟಿಯಲ್ಲ, ಹೆಚ್ಚು ವಾರ ಸಿಕ್ಕರೆ ಒಳ್ಳೆಯದು. ನಾಲ್ಕಕ್ಕಿಂತ ಕಡಿಮೆ ಮಾತ್ರ ಬೇಡ. ಆಮೇಲೆ ಒಂದು ವಾರ ಮೇಲೆ ಹಾರಿತು ಎಂದು ಸಂಭ್ರಮ ಬೇಡ, ಒಂದು ವಾರ ಬಿತ್ತು ಎಂದು ಗಾಬರಿಯೂ ಬೇಡ. ಆರೋ ಹೆಚ್ಚೋ ಬಿಂದುಗಳು ಒಂದೇ ಸಮ ಗೆರೆಯ ಒಂದೇ ಬದಿಯಲ್ಲಿದ್ದರೆ ಬದಲಾವಣೆ ನಿಜ. ಐದೋ ಹೆಚ್ಚೋ ಬಿಂದುಗಳು ಸತತವಾಗಿ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಅದೂ ಲೆಕ್ಕಕ್ಕೆ. ಉಳಿದದ್ದು ವಾರದಿಂದ ವಾರಕ್ಕೆ ಆಗುವ ಸಹಜ ಏರಿಳಿತ. ಜಾತ್ರೆಯ ಮರುದಿನ ಅಳೆದರೆ ಯಾವ ಶಾಲೆಯ ಅಂಕಿಯೂ ಬೀಳುತ್ತದೆ.

ಗೈರಾದ ಮಗುವಿನ ಬದಲು ಬೇರೆ ಮಗುವನ್ನು ಕೂರಿಸಬೇಡಿ. ಬಂದವರ ಸರಾಸರಿ ಬರೆದು, ಪಕ್ಕದಲ್ಲಿ "5/6" ಎಂದು ಹಾಕಿ. ಸತತ ಮೂರು ವಾರ ಗೈರಾದರೆ ಅದು ಓದಿನ ಸಮಸ್ಯೆಯೇ ಅಲ್ಲ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡುವ ವಿಷಯ.

ಬಯಲುಸೀಮೆ ಎಚ್‌ಎಂ:
ಒಂದು ಭಯ ಹೇಳಿಬಿಡುತ್ತೇನೆ. ಐದು ಶಾಲೆಯ ನಕ್ಷೆ ಗೋಡೆ ಮೇಲೆ ಬಂದ ಕೂಡಲೇ ಯಾರೋ ಫೋಟೋ ತೆಗೆದು ಮೇಲಿನ ಗುಂಪಿಗೆ ಹಾಕುತ್ತಾರೆ. ಮರುದಿನ "ಕೊನೆಯ ಸ್ಥಾನದ ಶಾಲೆಗೆ ಕಾರಣ ಕೇಳಿ ನೋಟಿಸ್". ಆಮೇಲೆ ಯಾರು ನಿಜ ಬರೆಯುತ್ತಾರೆ?

ಡಯಟ್ ಕಾರಿಡಾರ್:
ಅದನ್ನು ಮೊದಲೇ ಬರಹದಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಬಳಿ ಹೋಗಿ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ: ವಾರದ ಅಂಕಿ ಜಾಲದೊಳಗೇ ಉಳಿಯುತ್ತದೆ, ಕಚೇರಿಗೆ ಹೋಗುವುದು ಆರು ತಿಂಗಳಿಗೊಮ್ಮೆ ಐದೂ ಶಾಲೆ ಸೇರಿದ ಸಾರಾಂಶ, ಶಾಲೆಯ ಹೆಸರಿಲ್ಲದೆ. ಕಚೇರಿಗೆ ಹೇಗೂ ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಫಲಿತಾಂಶ ಸಿಗುತ್ತದೆ. ಮೌಲ್ಯಮಾಪನಕ್ಕೆ ಅದು ಸಾಕು. ಲೆಕ್ಕ ಕೇಳುವುದಕ್ಕೆ ಬೇಕಾದ ಅಂಕಿ ಬೇರೆ, ಕಲಿಯುವುದಕ್ಕೆ ಬೇಕಾದ ಅಂಕಿ ಬೇರೆ. ಎರಡನ್ನೂ ಒಂದೇ ಹಾಳೆಯಿಂದ ತೆಗೆಯಲು ಹೋದರೆ ಎರಡೂ ಹಾಳು.

ಹೋಲಿಕೆಯ ವಿಷಯದಲ್ಲಿ ಲಂಡನ್ ಚಾಲೆಂಜ್ ನೋಡಬಹುದು. 2003ರಿಂದ 2011ರವರೆಗೆ ಲಂಡನ್ ನಗರದ ಶಾಲೆಗಳಲ್ಲಿ ನಡೆದದ್ದು. ಅಲ್ಲಿ ಶಾಲೆಗಳನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ನಿಲ್ಲಿಸಲಿಲ್ಲ. ಮಕ್ಕಳ ಹಿನ್ನೆಲೆ ಹೋಲುವ ಶಾಲೆಗಳನ್ನು ಒಂದು ಕುಟುಂಬವಾಗಿ ಗುಂಪು ಮಾಡಿ, ಆ ಗುಂಪಿನೊಳಗಿನ ಅಂಕಿಯನ್ನು ಶಾಲೆಗಳಿಗೇ ಕೊಟ್ಟರು. ಆಗ "ಅವರ ಮಕ್ಕಳು ಬೇರೆ, ನಮ್ಮ ಮಕ್ಕಳು ಬೇರೆ" ಎಂಬ ಮಾತಿಗೆ ಜಾಗವಿಲ್ಲ. ನಮ್ಮ ಮಕ್ಕಳಂಥ ಮಕ್ಕಳೇ ಅಲ್ಲಿ ಚೆನ್ನಾಗಿ ಕಲಿಯುತ್ತಿದ್ದರೆ, ಹೋಗಿ ನೋಡಬೇಕೆಂಬ ಕುತೂಹಲ ತಾನಾಗಿ ಬರುತ್ತದೆ. ನಿಮ್ಮ ಕ್ಲಸ್ಟರ್‌ನಲ್ಲೂ ತಾಂಡಾದ ಕಿರಿಯ ಶಾಲೆಯನ್ನು ಹೋಬಳಿ ಕೇಂದ್ರದ ಶಾಲೆಯ ಪಕ್ಕ ಇಟ್ಟು ಹೋಲಿಸಬೇಡಿ. ಪಕ್ಕದ ಕ್ಲಸ್ಟರ್‌ನ ಇನ್ನೊಂದು ತಾಂಡಾ ಶಾಲೆಯೊಂದಿಗೆ ಜೋಡಿ ಮಾಡಿ.

ಗಣಿತದ ಮೇಡಂ:
ಗಣಿತಕ್ಕೂ ಇದೇ ಕ್ರಮ ನಡೆಯುತ್ತದೆ, ಬೇಗನೂ ನಡೆಯುತ್ತದೆ, ಏಕೆಂದರೆ ತಪ್ಪು ನೋಟ್‌ಬುಕ್‌ನಲ್ಲೇ ಉಳಿದಿರುತ್ತದೆ. ದಶಕ ತೆಗೆದುಕೊಳ್ಳುವ ವ್ಯವಕಲನ ಹಿಡಿಯಿರಿ. 52ರಲ್ಲಿ 27 ಕಳೆದರೆ 35 ಎಂದು ಬರೆದ ಮಗು ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಮೇಲಿದೆಯೋ ಕೆಳಗಿದೆಯೋ ನೋಡಿಲ್ಲ. ಅದೇ ಲೆಕ್ಕಕ್ಕೆ ಇನ್ನೊಂದು ಮಗುವೂ 35 ಬರೆದಿರಬಹುದು, ದಶಕ ತೆಗೆದುಕೊಂಡು 12ರಲ್ಲಿ 7 ಕಳೆದು 5 ಸರಿ ಹಾಕಿ, 5ನ್ನು 4 ಮಾಡಲು ಮರೆತು. ಉತ್ತರ ಒಂದೇ, ರೋಗ ಎರಡು. ಮೇಲೆ ಹೊಡೆದು ಬರೆದ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಮಗುವಿನ ಬಾಯಲ್ಲೇ ಹೇಳಿಸಿ. 403ರಲ್ಲಿ 178 ಬಂದರಂತೂ ನಡುವಿನ ಸೊನ್ನೆಯಲ್ಲಿ ಅರ್ಧ ತರಗತಿ ಸಿಕ್ಕಿಬೀಳುತ್ತದೆ.

ಸಭೆಯಲ್ಲಿ ಶಾಲೆಗಳು ನೋಟ್‌ಬುಕ್ ಅದಲುಬದಲು ಮಾಡಿಕೊಳ್ಳಲಿ. ತನ್ನ ತರಗತಿಯ ಪುಸ್ತಕ ನೋಡಿದರೆ "ಇವನು ಹೀಗೇ" ಅನ್ನುತ್ತೇವೆ, ಬೇರೆ ಶಾಲೆಯದ್ದಾದರೆ ತಪ್ಪಷ್ಟೇ ಕಾಣುತ್ತದೆ. ಹೆಸರಿನ ಮೇಲೆ ಚೀಟಿ ಅಂಟಿಸಿ ಕಳಿಸಿ.

ಇನ್ನೊಂದು, ಜಪಾನಿನ ಶಿಕ್ಷಕರು ಮಾಡುವ ಪಾಠ ಅಧ್ಯಯನ. ಮೂರು ನಾಲ್ಕು ಜನ ಸೇರಿ ಒಂದೇ ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಕೂತು ಮಕ್ಕಳನ್ನು ಗಮನಿಸುತ್ತಾರೆ, ಶಿಕ್ಷಕರನ್ನಲ್ಲ. ಅಂಥ ಪಾಠದ ನಂತರದ ಚರ್ಚೆಯಲ್ಲಿ "ಮೇಡಂ ಚೆನ್ನಾಗಿ ಮಾಡಿದರು", "ಧ್ವನಿ ಸಾಲದು" ಎಂಬ ಮಾತಿಗೆ ಅವಕಾಶ ಇರಬಾರದು. "ಮೂರನೇ ಸಾಲಿನ ಹುಡುಗಿ ಕಡ್ಡಿ ಕಟ್ಟು ಬಿಚ್ಚಿದಳು, ಆದರೆ ಹತ್ತು ಬಿಡಿ ಕಡ್ಡಿಗಳನ್ನು ಇರುವ ಎರಡಕ್ಕೆ ಸೇರಿಸಲಿಲ್ಲ" ಎಂಬ ಥರದ ಮಾತು ಬರಬೇಕು.

ತುಂಗಾತೀರ:
ಒತ್ತಕ್ಷರಕ್ಕೆ ಮಾಡಿ ನೋಡಬಹುದಾದ ಬದಲಾವಣೆಗಳೂ ಒಂದೆರಡು ಬರೆಯುತ್ತೇನೆ, ಎಚ್‌ಎಂ ಸರ್‌ಗೆ ಬೇಕಾಗುತ್ತದೆ. ಒಂದು, ಮುಚ್ಚಿ ತೆರೆಯುವ ಪಟ್ಟಿ. ರಟ್ಟಿನ ಕಾರ್ಡಿನಲ್ಲಿ ಪದ ಬರೆದು, ಒತ್ತಿನ ಭಾಗಕ್ಕೆ ಮಡಚುವ ಚೀಟಿ. ಮುಚ್ಚಿದಾಗ "ಶಕಿ", ತೆರೆದಾಗ "ಶಕ್ತಿ". ಮಗು ಎರಡನ್ನೂ ಓದಬೇಕು, ಗುಡಿಸಿನ ಉಚ್ಚಾರ ಎಲ್ಲಿಗೆ ಹೋಯಿತು ಎಂದು ಹೇಳಬೇಕು. ದಿನಕ್ಕೆ ಆರು ಕಾರ್ಡು, 10 ನಿಮಿಷ. 25–30 ಮಕ್ಕಳ ತರಗತಿಯಲ್ಲಿ ಇದು ಕೆಡುವುದು ಹಿಂದಿನ ಸಾಲಿಗೆ ಕಾಣದೇ ಇರುವುದರಿಂದ. ಅಲ್ಲಿ ನಾಲ್ವರಿಗೆ ಒಂದು ಸೆಟ್ ಬೇಕು. ಎರಡು, ಉಕ್ತಲೇಖನ ಐದು ಪದ, ತಾನೇ ತಿದ್ದಿಕೊಳ್ಳುವುದು. ಶಿಕ್ಷಕರು ತಿದ್ದಿದರೆ ಮಗು ಅಂಕ ನೋಡುತ್ತದೆ, ಒತ್ತು ನೋಡುವುದಿಲ್ಲ. ಮೂರು, ಪಾಠದ ಒಂದು ಪುಟದಲ್ಲಿ ಒತ್ತಕ್ಷರಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, ಜೋಡಿಯಲ್ಲಿ ಓದಿಕೊಂಡು, ಆಮೇಲೆ ಪಾಠ ಓದುವುದು.

ಐದು ಶಾಲೆಯೂ ಒಂದೇ ಉಪಾಯ ಮಾಡಬೇಕಿಲ್ಲ. ಎರಡು ಶಾಲೆ ಮೊದಲನೆಯದು, ಎರಡು ಶಾಲೆ ಎರಡನೆಯದು, ಒಂದು ಶಾಲೆ ಮೂರನೆಯದು. ಅಳತೆ ಮಾತ್ರ ಎಲ್ಲರಿಗೂ ಒಂದೇ. ಜಾಲದ ಲಾಭ ಇರುವುದೇ ಇದರಲ್ಲಿ, ಒಂದೇ ಶಾಲೆ ಮೂರನ್ನೂ ಒಂದಾದ ಮೇಲೊಂದು ಮಾಡಿ ನೋಡಲು ಇಡೀ ವರ್ಷ ಬೇಕು.

ಸ್ಯಾನ್‌ಹೋಸೆ ಕನ್ನಡಿಗ:
ಹರಡುವಾಗ ಎಚ್ಚರ. ಒಂದು ಶಾಲೆಯಲ್ಲಿ ಫಲ ಕೊಟ್ಟ ಕೂಡಲೇ 11ಕ್ಕೂ ಆದೇಶ ಹೊರಡಿಸುವುದು ಸಾಮಾನ್ಯ ದುರಂತ. ಒಂದು ತರಗತಿ, ಆಮೇಲೆ ಮೂರು ಶಾಲೆ, ಆಮೇಲೆ ಎಲ್ಲ. ಪ್ರತಿ ಹಂತದಲ್ಲೂ ಕೇಳಬೇಕಾದ್ದು "ಕೆಲಸ ಮಾಡುತ್ತದೆಯೇ" ಅಂತಲ್ಲ, "ಯಾರಿಗೆ, ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ" ಅಂತ. ಜೊತೆಗೆ ಒಂದು ಪಕ್ಕದ ಅಳತೆಯೂ ಇರಲಿ. ಒತ್ತಕ್ಷರಕ್ಕೆ ಕೊಟ್ಟ ಸಮಯದಿಂದ ಪಾಠದ ಅರ್ಥ ಗ್ರಹಿಕೆ ಕುಸಿಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ಒಂದು ಚಿಕ್ಕ ಕಥೆ, ನಾಲ್ಕು ಪ್ರಶ್ನೆ ಕೊಟ್ಟು ನೋಡಿ.

ಕ್ಲಸ್ಟರ್ ಕಡತ:
ಸಿಆರ್‌ಪಿ ಬದಲಾದ ದಿನ ಜಾಲ ಸತ್ತೇಹೋಗುತ್ತದೆ ಎಂಬುದು ಇನ್ನೊಂದು ವಾಸ್ತವ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಎಚ್‌ಎಂ ಕೂಡ ಹೋಗಬಹುದು. ಆದ್ದರಿಂದ ಕಡತ ವ್ಯಕ್ತಿಯ ಮೊಬೈಲ್‌ನಲ್ಲಿ ಇರಬಾರದು. ಒಂದು ಬಾಕ್ಸ್ ಫೈಲ್, ಕ್ಲಸ್ಟರ್ ಕೇಂದ್ರದ ಬೀರುವಿನಲ್ಲಿ. ಒಳಗೆ ಗುರಿಯ ವಾಕ್ಯ, ಅಳತೆಯ ನಿಯಮ, ನಾಲ್ಕು ಹಾಳೆಗಳ ಮೂಲಪ್ರತಿ, ಪ್ರತಿ ಸುತ್ತಿನ ಒಂದು ಪುಟದ ವರದಿ. ಫಲ ಕೊಡದ ಸುತ್ತಿನ ವರದಿಯೂ ಇರಲೇಬೇಕು. ಇಲ್ಲದಿದ್ದರೆ ಹೊಸಬರು ಬಂದು ಅದನ್ನೇ ಮೊದಲಿನಿಂದ ಮಾಡುತ್ತಾರೆ. ಸಭೆ ನಡೆಸುವ ಜವಾಬ್ದಾರಿಯೂ ಶಾಲೆಯಿಂದ ಶಾಲೆಗೆ ಸರದಿಯಲ್ಲಿ ಬರಲಿ, ಸಿಆರ್‌ಪಿ ಬರೀ ಅಂಕಿ ಹೊಂದಿಸಿಕೊಡಲಿ.

ಏಕೋಪಾಧ್ಯಾಯ:
ಆರು ಮಕ್ಕಳು, ವಾರಕ್ಕೆ 15 ನಿಮಿಷ ಅಂದರೆ ಆಗುತ್ತದೆ. ಆದರೆ ಸಮೀಕ್ಷೆ ಕೆಲಸ ಬಿದ್ದ ವಾರ ಆಗುವುದಿಲ್ಲ. ಆ ವಾರ ಖಾಲಿ ಬಿಡುತ್ತೇನೆ, ಸುಳ್ಳು ಬಿಂದು ಇಡುವುದಿಲ್ಲ. ಅದಕ್ಕೆ ಒಪ್ಪಿಗೆ ಇದ್ದರೆ ನಮ್ಮಂಥ ಶಾಲೆಯೂ ಬರಬಹುದು.

ಡಯಟ್ ಕಾರಿಡಾರ್:
ಖಾಲಿ ಬಿಡಿ ಸರ್. ನಕ್ಷೆಯ ಕೆಳಗೆ ಕಾರಣ ಒಂದು ಪದದಲ್ಲಿ ಬರೆಯಿರಿ. ವರ್ಷದ ಕೊನೆಗೆ ಎಷ್ಟು ವಾರ "ಸಮೀಕ್ಷೆ", ಎಷ್ಟು ವಾರ "ತರಬೇತಿ" ಎಂದು ಎಣಿಸಿದರೆ ಅದೂ ಕಚೇರಿಗೆ ತೋರಿಸಬೇಕಾದ ಅಂಕಿಯೇ.

ಬಯಲುಸೀಮೆ ಎಚ್‌ಎಂ:
ಎಲ್ಲರಿಗೂ ವಂದನೆ. ಮೇಲಿನದ್ದನ್ನೆಲ್ಲ ಸೇರಿಸಿ ಕರಡು ಹೀಗೆ ಮಾಡಿದ್ದೇನೆ. ಐದು ಶಾಲೆ, 4ನೇ ತರಗತಿ, ಒತ್ತಕ್ಷರ. ಜೂನ್ ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಯ ಕಲಿಕೆಯ ಪುನರಾವರ್ತನೆಗೆ. ಜುಲೈನ ನಾಲ್ಕು ವಾರ ಬರೀ ಅಳತೆ. ಆಗಸ್ಟ್ ಮೊದಲ ವಾರದಿಂದ ಮೂರು ವಾರದ ಮೊದಲ ಸುತ್ತು, ಒಂದು ವಾರ ಬಿಡುವು ಮತ್ತು ಸಭೆ, ಸೆಪ್ಟೆಂಬರ್‌ನಲ್ಲಿ ಎರಡನೇ ಸುತ್ತು, ಅಕ್ಟೋಬರ್‌ನಲ್ಲಿ ಮೂರನೆಯದು. ಗುರಿ: "ಐದೂ ಶಾಲೆಯ 4ನೇ ತರಗತಿಯ ಮಾದರಿ ಮಕ್ಕಳ ಸರಾಸರಿ, 20 ಒತ್ತಕ್ಷರ ಪದಗಳಲ್ಲಿ, ಡಿಸೆಂಬರ್ ಕೊನೆಯೊಳಗೆ 15 ಮುಟ್ಟಬೇಕು." ಎಲ್ಲಾದರೂ ತಪ್ಪಿದ್ದರೆ ಹೇಳಿ.

ಗಣಿತದ ಮೇಡಂ:
ಅಕ್ಟೋಬರ್ ಸುತ್ತು ದಸರಾ ರಜೆಗೆ ಸಿಕ್ಕಿಕೊಳ್ಳುತ್ತದೆ ಸರ್. ರಜೆಗೆ ಮುಂಚೆ ಸೆಪ್ಟೆಂಬರ್‌ನಲ್ಲಿ ಎಸ್‌ಎ-1 ತಯಾರಿಯೂ ಇರುತ್ತದೆ. ಮೂರನೇ ಸುತ್ತನ್ನು ನವೆಂಬರ್‌ಗೆ ತಳ್ಳಿ. ರಜೆ ಮುಗಿದ ಮೊದಲ ವಾರ ಪಾಠ ಶುರು ಮಾಡುವ ಮುನ್ನ ಒಮ್ಮೆ ಅಳೆದಿಟ್ಟುಕೊಳ್ಳಿ, ಎಷ್ಟು ಮರೆತಿದ್ದಾರೆ ಎಂದು ತಿಳಿಯುತ್ತದೆ.

ತುಂಗಾತೀರ:
15ರ ಗುರಿಯನ್ನು ಜುಲೈ ಅಳತೆ ಬಂದ ಮೇಲೆ ಬರೆಯಿರಿ. ಈಗ ಮಕ್ಕಳು 6ರಲ್ಲಿದ್ದಾರೋ 12ರಲ್ಲಿದ್ದಾರೋ ನಮಗೆ ಗೊತ್ತಿಲ್ಲವಲ್ಲ. ಮತ್ತೆ, ನಾಲ್ಕೂ ಹಾಳೆಯನ್ನು ಜೂನ್‌ನಲ್ಲೇ ಬೇರೆ ಕ್ಲಸ್ಟರ್‌ನ ಹತ್ತು ಮಕ್ಕಳ ಕೈಯಲ್ಲಿ ಓದಿಸಿ, ಒಂದು ಹಾಳೆ ಇನ್ನೊಂದಕ್ಕಿಂತ ಕಠಿಣವಾಗಿದ್ದರೆ ಪದ ಬದಲಿಸಿ.